ತಳ ಕಾಣುವ ವಾರ

ಸಂಬಳ ಮುಂದಿನ ಸೋಮವಾರ, ಅಂದರು
ಕುತಾಯಿಸಿಯ ಹೊಲಿಗೆ ಕಾರ್ಖಾನೆಯಲ್ಲಿ,
ಯಾರ ಮುಖವನ್ನೂ ನೋಡದೆ.
ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ
ಅಡುಗೆಮನೆಯ ಬೀರು ತೆರೆದೆ.
ಮಗಳು ತೆಕ್ಲಾ ಕರೆಂಟು ಬಿಲ್ಲಿನ ಬೆನ್ನಿಗೆ ಬರೆದುಕೊಂಡಳು:
ಕೆಂಪು ಕಾಳು, ಒಂದೂವರೆ ಡಬ್ಬ.
ಮೆಕ್ಕೆಜೋಳದ ಹಿಟ್ಟು, ಚೀಲದ ಮೂಲೆಯಲ್ಲಿ.
ಮೈದಾ, ಜರಡಿ ಹಿಡಿದರೆ ಆದೀತು.
ಅಕ್ರೋಟು, ಒಡೆದರೆ ಮೂರು ಹಿಡಿ.
ಬೀಟ್ರೂಟು ಆರು, ಅದರಲ್ಲಿ ಎರಡು ಮೆತ್ತಗೆ.
ಹುಳಿ ಪ್ಲಮ್ಮಿನ ಗೊಜ್ಜು, ಹೋದ ಬೇಸಿಗೆಯದು.
ಮತ್ತೆ ಹಿಂದುಗಡೆ, ಚೀಟಿಯಿಲ್ಲದ ಒಂದು ಜಾಡಿ.
ಇದೇನಮ್ಮ?
ಬಿಡು, ಕೊನೆಗೆ ನೋಡೋಣ.

ಅತ್ತೆ ಲಾಮಾರಾ ಒಲೆಯ ಪಕ್ಕದ ಸ್ಟೂಲಿನಿಂದಲೇ
'ತೊಂಬತ್ಮೂರರ ಚಳಿಗಾಲದಲ್ಲಿ' ಎಂದು ಶುರು ಮಾಡಿದರು.
ಅವರ ತೊಂಬತ್ಮೂರು ನಮ್ಮ ಎಲ್ಲ ಊಟಕ್ಕೂ ಉಪ್ಪು.

ಕಾಳು ರಾತ್ರಿಯೆಲ್ಲ ನೆನೆಯಿತು,
ಕತ್ತಲಲ್ಲಿ ಒಂದೊಂದೇ ಸಿಪ್ಪೆ ಸುಕ್ಕು ಬಿಡಿಸಿಕೊಂಡು
ಪಾತ್ರೆಯ ಮುಚ್ಚಳವನ್ನು ಮೇಲೆತ್ತಿತು.
ಸೋಮವಾರ ಸಂಜೆ ಸೌಟಿನ ಬೆನ್ನಿನಿಂದ ಅರ್ಧ ಜಜ್ಜಿ,
ಅರ್ಧವನ್ನು ಇಡಿಯಾಗಿ ಬಿಟ್ಟು,
ಅಕ್ರೋಟು, ಕೊತ್ತಂಬರಿ ಬೀಜ, ಒಣಗಿದ ಮೆಂತ್ಯದ ಪುಡಿ.
ಇಷ್ಟು ಹೊತ್ತೂ ಬಡವಾಗಿದ್ದ ಅಡುಗೆಮನೆ
ಆ ವಾಸನೆಗೆ ಒಮ್ಮೆಲೇ ಮದುವೆಮನೆಯಾಯಿತು.

ಮಂಗಳವಾರವೂ ಅದೇ ಕಾಳು,
ಆದರೆ ರೊಟ್ಟಿಯೊಳಗೆ, ಹೂರಣವಾಗಿ.
ವೇಷ ಬದಲಿಸಿದರೆ ಬದ್ರಿಗೆ ಗುರುತೇ ಸಿಗುವುದಿಲ್ಲ.

ಬುಧವಾರ ಬೀಟ್ರೂಟು. ಹಲಗೆ, ಚಾಕು, ನನ್ನ ಉಗುರು
ಎಲ್ಲ ಕೆಂಪು, ಕೊಲೆ ಮಾಡಿದವಳ ಹಾಗೆ.
ತೆಕ್ಲಾ ನಾಲ್ಕು ಅಕ್ರೋಟು ಒಡೆದರೆ ಒಂದು ಬಾಯಿಗೆ.
ಒಡೆಯುವವಳಿಗೂ ಕೂಲಿ ಬೇಕಲ್ಲ, ಸುಮ್ಮನಿದ್ದೆ.

ಗುರುವಾರ ಬದ್ರಿ ಸಾಲ ಮಾಡಿ ಸಾಸೇಜು ತಂದ.
ನನಗೆ ಎಲ್ಲಿತ್ತೋ ಸಿಟ್ಟು!
ಈ ವಾರ ನನ್ನದು, ಈ ಲೆಕ್ಕ ನನ್ನದು,
ಕಾಳಿನ ಮೇಲೆ ಕಾಳಿಟ್ಟು ಕಟ್ಟಿದ ಗೋಡೆ ಇದು,
ನೀನು ಯಾರೋ ಗೆಳೆಯನ ದುಡ್ಡಲ್ಲಿ ಬಾಗಿಲು ಕೊರೆಯುತ್ತೀಯಾ ಎಂದೆ.
ಯಾರೂ ಉಣ್ಣಲಿಲ್ಲ.
ನಡುರಾತ್ರಿ ಎದ್ದಾಗ
ಫ್ರಿಜ್ಜಿನ ಬೆಳಕಲ್ಲಿ ಅತ್ತೆ ನಿಂತಿದ್ದರು, ಬೆನ್ನು ನನ್ನ ಕಡೆಗೆ,
ಎಂಬತ್ತೊಂದರ ದವಡೆ ಮೆಲ್ಲಗೆ ಆಡುತ್ತಿತ್ತು.
ಹಾಗೇ ಹಿಂದೆ ಸರಿದು ಮಲಗಿದೆ.
ಬೆಳಿಗ್ಗೆ ಅರ್ಧ ಸಾಸೇಜು ಇತ್ತು. ಯಾರೂ ಕೇಳಲಿಲ್ಲ.

ಶುಕ್ರವಾರ ಉಳಿದರ್ಧ ಹೆಚ್ಚಿ, ಜೋಳದ ರೊಟ್ಟಿ ತಟ್ಟುವಾಗ
ಮೇಲಿನ ಮನೆಯ ಜೆಮಾಲ್ ಏಣಿ ಹಿಂದಿರುಗಿಸಲು ಬಂದ.
ಊಟ ಆಗಿದೆ ಅಂದ. ಕಣ್ಣು ಮಾತ್ರ ಹೆಂಚಿನ ಮೇಲೆ.
ನಾಲ್ಕು ಉಂಡೆ ಕಲಸಿ ಮತ್ತೆ ಐದು ಮಾಡಿದೆ.
ಹಿಟ್ಟೇನು ಹೆಚ್ಚುವುದಿಲ್ಲ,
ರೊಟ್ಟಿ ಒಂದು ಬೆರಳಷ್ಟು ಸಣ್ಣದಾಗುತ್ತದೆ, ಅಷ್ಟೆ.

ಶನಿವಾರ ಬಾಗಿಲ ಬಳಿ, ಹಳೆಯ ಪೇಪರಿನಲ್ಲಿ,
ನಾಲ್ಕು ಮೊಟ್ಟೆ. ಒಂದರ ಮೇಲೆ ಕೋಳಿಯ ಪುಕ್ಕ.
ಇದು ಲೆಕ್ಕದಲ್ಲಿ ಇಲ್ಲ, ಅಂದಳು ತೆಕ್ಲಾ.
ಹೊಸಿಲು ದಾಟಿದ ಮೇಲೆ ಮನೆಯದೇ, ಬರಿ, ಅಂದೆ.
ಹುಳಿ ಗೊಜ್ಜಿನಲ್ಲಿ ಹಳದಿ ಒಡೆದು ಹರಿಯಿತು.

ಭಾನುವಾರ ಜಾಡಿ.
ಮುಚ್ಚಳ ಬಿಸಿನೀರಿಗೆ ಬಗ್ಗಲಿಲ್ಲ, ಬದ್ರಿಯ ಪೆಟ್ಟಿಗೂ ಬಗ್ಗಲಿಲ್ಲ,
ಆಮೇಲೆ ಯಾರೂ ಮುಟ್ಟದಿದ್ದಾಗ ತಾನೇ ನಿಟ್ಟುಸಿರು ಬಿಟ್ಟಿತು.
ಹಸಿರು ಮೊಗ್ಗಿನಂಥದ್ದೇನೋ, ಉಪ್ಪು, ಹುಳಿ, ಚೂರು ಕಹಿ.
ನಾನು ಹಾಕಿದ್ದಲ್ಲ, ಅಂದರು ಅತ್ತೆ.
ನಾನೂ ಅಲ್ಲ.
ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿ
ತಳದ ನೀರನ್ನೂ ರೊಟ್ಟಿಯಲ್ಲಿ ಒರೆಸಿ ತಿಂದೆವು.
ತೆಕ್ಲಾ ಬಿಲ್ಲಿನ ಮೇಲೆ ಬರೆದಳು: ಏನೋ ಒಂದು. ಖಾಲಿ.

ಸೋಮವಾರ ಅರ್ಧ ಸಂಬಳ ಕೊಟ್ಟರು.
ಅಂಗಡಿಯಲ್ಲಿ ಕೈ ತಾನಾಗಿ ಕೆಂಪು ಕಾಳಿಗೇ ಹೋಯಿತು.
ಕೈಯ ಮೇಲೆ ಬೇಸರವಾಗಿ
ಒಂದು ಕಿತ್ತಳೆ ಕೊಂಡು
ಬಸ್ಸಿನ ಹಿಂದಿನ ಸೀಟಿನಲ್ಲಿ, ಕಿಟಕಿಗೆ ಮುಖ ಮಾಡಿ,
ಒಬ್ಬಳೇ ತಿಂದೆ.
ಸಿಪ್ಪೆ ಕೋಟಿನ ಜೇಬಿನಲ್ಲಿದೆ.
ಒಣಗಿದರೆ ಚಹಾಕ್ಕಾದೀತು.