ಗುದ್ದು

ಬೆಟಗೇರಿಯಾಗ ಕರೆಂಟ್ ತೆಗೆಯೋ ದಿನ
ಪವರ್‌ಲೂಮ್ ಸುಮ್ಮನಿರತಾವ. ಅದ ಮುಹೂರ್ತ.
ಅಲ್ಲಂದ್ರ ಹೆಸರು ಯಾರಿಗೆ ಕೇಳಸ್ತೈತಿ?

ನಮ್ಮಪ್ಪ ಹಳೇ ಪ್ರೆಸ್ಸಿನ ಮೊಳಿ ಜೋಡಿಸಿ
ಹೆಸರು ತಂದಾನ, ಉಲ್ಟಾ ಅಕ್ಷರದಾಗ.
"ಒತ್ತಿದರ ನೆಟ್ಟಗಾಗತೈತಿ."

ಪೂಜಿ ಬಿಟ್ಟಿವಿ, ನಕ್ಷತ್ರ ಬಿಟ್ಟಿವಿ.
ಗುದ್ದು ಬಿಡಲಿಲ್ಲ.

ದೇವರಿಲ್ಲದ ಮನಿ ಅಂತ ಎರಡು ವರ್ಷ
ಹೊಸ್ತಿಲ ತುಳಿಯದ ನಾದಿನಿ ಅಂಬಕ್ಕ
ಕೂಸಿನ ಕಿವಿಗೆ ಬಾಗಿ "ಕುರ್ರ್" ಅಂದಳು.
ಎಲ್ಲಾರಕಿಂತ ಜೋರು ಗುದ್ದಿದಾಕಿ ನಾನ.

"ಹೆಸರೇನ?" ಮಂದಿ ಕೇಳಿತು.
ಬೆನ್ನ ತಿಕ್ಕೋತ, ನಗಕೋತ, ಕಣ್ಣ ಒರಸಕೋತ:
"ತಡೀರಿ, ಗುದ್ದಿಗೆ ಮರತೆ."

ಅಪ್ಪ ಮೊಳಿಗೆ ಮಸಿ ಹಚ್ಚಿ
ಅಕಿ ಅಂಗೈಗೆ ಒತ್ತಿದ.
ಒಂದೊಂದ ಅಕ್ಷರ ಓದಿದಳು: ನ, ಸು, ಕು.

ಅಷ್ಟರಾಗ ಕರೆಂಟ್ ಬಂತು, ಮಗ್ಗ ಖಟಖಟ.
ಅದರ ಮ್ಯಾಲೆ ಇನ್ನೊಮ್ಮೆ ಒದರಿದಳು.