ದಸ್ತಗೀರನ ಕೈ

ಸಜಾ ಎಂಬುದು ಶಾರ್ಜಾದ ಅಂಚಿನಲ್ಲಿ
ಸಿಮೆಂಟು ಧೂಳು ಕುಡಿದ ಒಂದು ಜಾಗದ ಹೆಸರು.
‘ಸಜಾದಾಗ ದಸ್ತಗೀರ ಅಂದ್ರ
ಪೊಲೀಸ್ ಠಾಣೇದ ಕತಿ ಆತಲ್ರಿ ಸಿಸ್ಟರ್’
ಎಂದು ನಗಿಸಿದ್ದು ಆಮೇಲೆ, ಒಂಬತ್ತನೆಯ ದಿನ.

ಬಂದ ರಾತ್ರಿ ನಗುವ ಹಾಗಿರಲಿಲ್ಲ.
ಆಗಸ್ಟ್. ಹೊರಗೆ ನಡುರಾತ್ರಿಗೂ ಮೂವತ್ತೇಳು,
ಅವನೊಳಗೆ ನಲವತ್ತರ ಮೇಲೆ ಐದು ಗೀಟು.
ಮೈಯೆಲ್ಲ ಕೆಂಪು, ಬಿಸಿಲು ಬಡಿದಂತೆ,
ಅಂಗಿ ಮುಚ್ಚಿದಲ್ಲೂ, ಬಿಸಿಲೇ ಕಾಣದ ಕಂಕುಳಲ್ಲೂ.
ರಕ್ತದೊತ್ತಡ ಎಪ್ಪತ್ತು;
ಪಟ್ಟಿ ಬಿಚ್ಚಿ ಮತ್ತೆ ಕಟ್ಟುವಷ್ಟರಲ್ಲಿ ಅರವತ್ತು.
ಆಡಿದ ಮಾತೆಲ್ಲ ಯಾರದೋ ಎಮ್ಮೆಯ ಬಗ್ಗೆ.

ಗಾಯ ಎಲ್ಲಿ? ಮೈ ತಿರುವಿ ತಿರುವಿ ಹುಡುಕಿದೆವು.
ಎಡಗೈ ಹೆಬ್ಬೆರಳ ಬುಡದಲ್ಲಿ
ಸರಳು ಬಿಗಿಯುವ ತಂತಿ ಚುಚ್ಚಿದ ಗುರುತು,
ಮೇಲೆ ಕರಿ ವೈರ್ ಟೇಪು.
ಒಂದು ಹೆಸರುಕಾಳಿನಷ್ಟು. ಕೀವೂ ಹೆಚ್ಚಿಲ್ಲ.
ರಕ್ತ ಲ್ಯಾಬಿಗೆ ಹೋಯಿತು;
ಎರಡು ದಿನ ಕಾದರೂ ಶೀಷೆಯಲ್ಲಿ ಏನೂ ಬೆಳೆಯಲಿಲ್ಲ.
ಅವು ರಕ್ತಕ್ಕೆ ಇಳಿದೇ ಇರಲಿಲ್ಲ,
ಟೇಪಿನಡಿಯ ಬೆವರಲ್ಲಿ ಕೂತು
ಸಣ್ಣದೊಂದು ವಿಷ ಹೊರಗೆ ಬಿಟ್ಟಿದ್ದವು, ಅಷ್ಟೇ,
ಸಹಿಯಿಲ್ಲದ ಚೀಟಿ ಕಳಿಸಿದ ಹಾಗೆ.

ಸುಡಾನಿನ ಡಾಕ್ಟರ್ ಇಖ್ಲಾಸ್
ಗಾಯ ಸೀಳಿ ತೊಳೆಯುತ್ತ ಅಂದರು:
‘ಇವನನ್ನು ಕೊಲ್ಲುತ್ತಿರುವುದು ಇದಲ್ಲ, ಇವನೇ.’

ಮೈಯೊಳಗೊಂದು ಪದ್ಧತಿಯಿದೆ.
ಒಂದು ಕೋಶ ತನಗೆ ಸಿಕ್ಕ ಚೂರನ್ನು ಎತ್ತಿ ಹಿಡಿಯುತ್ತದೆ,
ಇನ್ನೊಂದು ಬಂದು ತಡವಿ ನೋಡುತ್ತದೆ:
ಇದು ನನ್ನ ಕೆಲಸವೇ?
ಹತ್ತು ಸಾವಿರದಲ್ಲಿ ಒಂದರ ಕೆಲಸ;
ಉಳಿದವು ದಾಟಿ ಹೋಗುತ್ತವೆ ತಮ್ಮ ಪಾಡಿಗೆ.
ಈ ವಿಷ ಪಕ್ಕದಿಂದ ನುಸುಳಿ
ಚೂರಿನ ಮುಖ ನೋಡಲೂ ಬಿಡದೆ
ಇಬ್ಬರ ತೋಳಿಗೆ ತೋಳು ಸಿಕ್ಕಿಸಿಬಿಡುತ್ತದೆ.
ಐದರಲ್ಲಿ ಒಂದು ಎದ್ದು ನಿಲ್ಲುತ್ತದೆ.
ಎದ್ದದ್ದೆಲ್ಲ ಕೂಗುತ್ತದೆ.
ಆ ಕೂಗಿಗೆ ನಾಳಗಳು ಸಡಿಲಾಗಿ ಸೋರಿ,
ನಾವು ಸುರಿದ ಏಳು ಬಾಟಲಿ ನೀರು
ಎಲ್ಲಿ ಹೋಯಿತೆಂದೇ ತಿಳಿಯದೆ
ಮೂತ್ರದ ಚೀಲ ಬೆಳಗಿನವರೆಗೂ ಖಾಲಿ.

ವಿಷ ಬೇಯಿಸುವ ಒಲೆ ಆರಿಸಲು ಒಂದು ಔಷಧ.
ಸಾವಿರಾರು ಅಪರಿಚಿತರ ರಕ್ತದಿಂದ ಬಸಿದದ್ದು ಇನ್ನೊಂದು,
ತಣ್ಣಗೆ, ನಿಧಾನ, ಹನಿಹನಿ.
ಮೂರನೆಯ ದಿನ ಮೂವತ್ತು ಮಿಲಿ.
ನಾನು ಅದನ್ನು ಚಾರ್ಟಿನಲ್ಲಿ ಎರಡು ಸಲ ಬರೆದು ಒಂದು ಹೊಡೆದುಹಾಕಿದೆ.

ಒಂಬತ್ತನೆಯ ದಿನ ಇಷ್ಟನ್ನೂ ಕೇಳಿಕೊಂಡು ದಸ್ತಗೀರ:
‘ಅಂದ್ರ ನಮ್ಮ ಕ್ಯಾಂಪಿನ ಗಂಟಿ ಇದ್ದಂಗ.
ಮೂರನೇ ಮಾಳಿಗ್ಯಾಗ ಯಾರೋ ಒಣಮೆಣಸಿನಕಾಯಿ ಹುರದ್ರು,
ಗಂಟಿ ಹೊಡೀತು.
ಆರುನೂರು ಮಂದಿ, ಒಂದ ಮೆಟ್ಟಲ.
ಬೆಂಕಿ ಎಲ್ಲೂ ಇದ್ದಿದ್ದಿಲ್ರಿ.
ಪೇಶಾವರದ ಹುಡುಗಂದು ಕಾಲ ಮುರೀತು.’

ಹನ್ನೆರಡರಂದು ಅಂಗೈ ಸುಲಿಯತೊಡಗಿತು,
ಶಾಲೆಯಲ್ಲಿ ಕೈಗೆ ಗೋಂದು ಬಳಿದು ಒಣಗಿಸಿ
ಕಿತ್ತಾಡಿದ ಆಟದಂತೆ,
ಗೆರೆಗಳ ಸಮೇತ, ಹಾಳೆ ಹಾಳೆ.
ಅವನು ಅವನ್ನು ಟಿಶ್ಯೂವಿನಲ್ಲಿ ಸುತ್ತಿಟ್ಟ,
ಯಾಕೆಂದು ನಾನು ಕೇಳಲಿಲ್ಲ.

ತಿಂಗಳೊಳಗೆ ಮತ್ತೆ ಬಂದ, ಜ್ವರಕ್ಕಲ್ಲ.
ಸೈಟಿನ ಗೇಟಿನಲ್ಲಿ ಹಾಜರಿ ಯಂತ್ರ.
ಬೆರಳಿಟ್ಟರೆ ಕೆಂಪು ದೀಪ,
‘ಹಾವಿಲ್ ಮರ್ರತನ್ ಉಖ್ರಾ’ ಎನ್ನುತ್ತಾಳೆ ಒಳಗಿನ ಹೆಂಗಸು,
ಇನ್ನೊಮ್ಮೆ ಪ್ರಯತ್ನಿಸು, ಇನ್ನೊಮ್ಮೆ.
ನಾಲ್ಕು ದಿನದ ಕೂಲಿ ಕತ್ತರಿ.
‘ಒಳಗ ಕೇಳದ ಬಿಟ್ಟರು, ಹೊರಗ ಕೇಳಿ ಕೇಳಿ ಬಿಡವಲ್ರು.
ಈ ಕೈ ನಂದ ಅಂತ ಬರದ ಕೊಡ್ರಿ.’

ಇಖ್ಲಾಸ್ ಸಹಿ ಹಾಕಿದರು, ನಾನು ಮೊಹರು ಒತ್ತಿದೆ.
ಹೊಸ ಚರ್ಮಕ್ಕೆ ಚಹಾದ ಬಿಸಿಯೂ ತಾಳದು;
ಕಾಗದದ ಲೋಟವನ್ನು ತೋಳಿನ ಬಟ್ಟೆಯಲ್ಲಿ ಹಿಡಿದು ಕುಡಿದ.
ಟ್ಯೂಬ್‌ಲೈಟಿನ ಕೆಳಗೆ ಹೆಬ್ಬೆರಳು ಓರೆಮಾಡಿ ನೋಡಿದೆ.
ಮಸುಕಾಗಿ, ಪೆನ್ಸಿಲ್ಲಿನಲ್ಲಿ ಎಳೆದಂತೆ,
ಹಳೆಯ ಸುಳಿಯೇ ಕೆಳಗಿನಿಂದ ಏಳುತ್ತಿತ್ತು.
ಬುಡದಲ್ಲಿ ಹೆಸರುಕಾಳಿನ ಕಲೆ.

‘ಇನ್ನ ಎಷ್ಟ ದಿನ ಬೇಕ್ರಿ ಅದಕ್ಕ ನನ್ನ ಗುರ್ತ ಹಿಡಿಯಾಕ?’
ಹೊರಗೆ ಕ್ಯಾಂಪಿನ ಬಸ್ಸು ಹಾರ್ನ್ ಹೊಡೆಯಿತು.