ಳಕಾರ

ಮೂವತ್ತಾರಕ್ಕೆ ಮತ್ತೆ ವಿದ್ಯಾರ್ಥಿನಿ ನಾನು.
ಇದ್ದಬದ್ದ ಪದವಿಗಳೆಲ್ಲ ಮುಗಿದ ಮೇಲೆ
ಒಂದು ವರ್ಷದ ಫೆಲೋಶಿಪ್. ಮೊದಲ ರೋಗಿ,
ರವಿವಾರ ಪೇಟೆಯಿಂದ ತಂದ ಕುಂಬಳಕಾಯಿ.

ಹೊಟ್ಟೆಗೆ ಸೈಕಲ್ ಬೇರಿಂಗಿನ ಸಣ್ಣ ಗುಂಡೊಂದನ್ನು ತುರುಕಿ
ತಲೆಗೆಂದು ಮಾಡಿದ ಚೌಕಟ್ಟನ್ನು ತೊಡಿಸಿ
ನಾಲ್ಕು ಮೊಳೆ ಬಿಗಿದು
ರಾತ್ರಿ ಹನ್ನೊಂದಕ್ಕೆ ಸ್ಕ್ಯಾನಿಗೊಯ್ದೆ.
ಟೆಕ್ನಿಷಿಯನ್ ಬಸಲಿಂಗ ನಗಲಿಲ್ಲ.
ರೋಗಿಯ ಹೆಸರು ಕೇಳಿದ ಜಾಗದಲ್ಲಿ
‘ಕುಂಬಳಕಾಯಿ, ವಯಸ್ಸು ಮೂರು ತಿಂಗಳು’ ಎಂದು ಟೈಪು ಮಾಡಿದ.

ಎಕ್ಸ್, ವೈ, ಝಡ್. ಉಂಗುರ, ಕಮಾನು, ಕೋನ.
ಲೆಕ್ಕ ಸರಿಯಿತ್ತು. ಸೂಜಿ ಗುಂಡಿನ ಪಕ್ಕ ಹಾದು ಹೋಗಿತ್ತು.
ಹುಲ್ಯಾಳ ಸರ್ ಸ್ಕೇಲು ಇಟ್ಟು ನೋಡಿದರು:
‘ಎರಡು ಮಿಲಿಮೀಟರ್. ತಲಿ ಒಳಗ ಇದು ಬ್ಯಾರೆ ಜಿಲ್ಲಾ.
ಬೆಳಗಾವಿಗೆ ಟಿಕೀಟ ತಗಸಿ
ಸಾಂಗ್ಲಿಯೊಳಗ ಇಳದಿಯವ್ವಾ.’
ಮರುದಿನ ಮೆಸ್ಸಿನಲ್ಲಿ ಅದೇ ಪಲ್ಯ. ಉಪ್ಪಿನಕಾಯಿ ಹಚ್ಚಿಕೊಂಡು ಉಂಡೆ.

ಹನ್ನೊಂದನೇ ತಿಂಗಳು ದಸ್ತಗೀರ ಪೇಂಟರ್ ಬಂದರು,
ಖಡೇಬಜಾರಿನ ಅರ್ಧ ಬೋರ್ಡು ಬರೆದವರು.
‘ಆರು ವರ್ಷಾತು ನೋಡ್ರಿ,
ನನ್ನ ಚಾ ಎಲ್ಲಾ ನನ್ನ ಅಂಗಿನ ಕುಡೀತೈತಿ.’

ಎಚ್ಚರವಿರಬೇಕು. ತಲೆ ಚೌಕಟ್ಟಿಗೆ, ಚೌಕಟ್ಟು ಮೇಜಿಗೆ.
ಪರದೆಯಾಚೆ ಸರ್, ಡ್ರಿಲ್ಲು, ಕೂದಲಿಗಿಂತ ತೆಳು ತಂತಿ.
ಈಚೆ ನಾನು, ಒಂದು ರಟ್ಟು, ಒಂದು ಪೆನ್ನು, ಅವರ ಬಲಗೈ.
ದಸ್ತಗೀರ ಅಂದರೆ ಕೈಹಿಡಿಯುವವನು ಎಂದು ಅವರೇ ಹೇಳಿದರು,
‘ಇವತ್ತ ಆ ಹೆಸರು ನಿಮಗ ಬಿಟ್ಟೇನಿ.’

ತಂತಿ ಇಳಿಯಿತು. ಸ್ಪೀಕರಿನಲ್ಲಿ
ಪಂಚಮಿಗೆ ಅಳ್ಳು ಹುರಿದ ಸದ್ದು,
ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಒತ್ತೊತ್ತಾಗಿ,
ಕೊನೆಗೆ ನಡುಗುವ ಕೈಯ ತಾಳಕ್ಕೇ, ಸೆಕೆಂಡಿಗೆ ಐದು.
‘ಏನ್ರಿ ಇದು ಸಪ್ಪಳ?’
‘ನೀವು.’

ಸುರುಳಿ ಬರೀರಿ ಅಂದೆ. ಫಾರ್ಮಿನಲ್ಲಿ ಇರುವುದು ಸುರುಳಿ.
‘ಯಾವ ಅಂಗಡಿ ಹೆಸರಿನ್ಯಾಗ ಸುರುಳಿ ಬರತೈತ್ರಿ?
ಅಕ್ಷರ ಹೇಳ್ರಿ.’
ಕನ್ನಡದಲ್ಲಿ ಸುರುಳಿಯಿಲ್ಲದ ಅಕ್ಷರ ಎಷ್ಟಿವೆ?
ಳ, ಎಂದೆ.

ಕರೆಂಟಿಲ್ಲದೆ ಬಂದ ಳ, ಒಡೆದ ಬಳೆ.
ಒಂದು. ಎರಡು. ಎರಡೂವರೆ.
ಕೈ ನಿಂತಿತು. ಅವರಿಗಿಂತ ಮೊದಲು
ನನ್ನ ಅಂಗೈಗೆ ಗೊತ್ತಾಯಿತು.
ಮೂರಕ್ಕೆ ಬಂದ ಳ
ದಪ್ಪಕ್ಕೆ ದಪ್ಪ, ತೆಳುವಿಗೆ ತೆಳು,
ನಲವತ್ತು ವರ್ಷದ ಕುಂಚ ಎರಡು ರೂಪಾಯಿ ಪೆನ್ನಿನೊಳಗೆ.
‘ಛಲೋ ಆತು, ಇಲ್ಲೇ ಕೂಡಸೂಣು’ ಎಂದರು ಸರ್.

‘ಊರ ಹೆಸರು ಹೇಳ್ರಿ ಚಾಚಾ’ ಅಂದೆ, ಸುಮ್ಮನೆ.
‘ಬೆಲಗಾವಿ.’
ಇನ್ನೊಮ್ಮೆ.
‘ಬೆಲಗಾವಿ.’
ಪೆನ್ನಿನ ತುದಿಗೆ ಬಂದದ್ದು ಬಾಯಿಂದ ಹೋಗಿತ್ತು.
‘ಸರ್,’ ಎಂದೆ, ‘ಳ ಹೋತು.’

ಒಬ್ಬರೂ ಮಾತಾಡಲಿಲ್ಲ.
ಆಮೇಲೆ ಸರ್ ನಡುವಿನ ತೂತು ಬಿಟ್ಟು
ಒಳಬದಿಯ ತೂತಿನಿಂದ ಮೊದಲಿಂದ ಇಳಿದರು.
ಎರಡೇ ಮಿಲಿಮೀಟರ್.
ಈ ಸಲ ಕೈ ಪೂರ್ತಿ ನಿಲ್ಲಲಿಲ್ಲ.
‘ಬೆಳಗಾವಿ, ಬಳಿ, ಬಾಳಿಹಣ್ಣ, ಇನ್ನೇನ ಬೇಕ್ರಿ?’
ಸ್ವಲ್ಪ ನಡುಕ ಉಳೀತದ ಅಂದೆ.
‘ಉಳೀಲಿ ಬಿಡ್ರಿ. ಬೋರ್ಡ್ ಎಲ್ಲಾ ಈಗ ಫ್ಲೆಕ್ಸ್.
ಬಸಿ ತುಂಬ ಹಾಕದಿದ್ದರಾತು.’

ಲಾಗ್‌ಬುಕ್ಕಿನಲ್ಲಿ ಪ್ರಕರಣ ಇಪ್ಪತ್ತೊಂಬತ್ತು, ನನ್ನ ಪಾತ್ರ: ಸಹಾಯಕಿ.
ಕೇಳಿಸಿಕೊಂಡದ್ದಕ್ಕೆ ಅದರಲ್ಲಿ ಕಾಲಮ್ಮಿಲ್ಲ.

ಸಂಜೆ ಖಡೇಬಜಾರಿನಲ್ಲಿ ತುಕ್ಕು ಹತ್ತಿದ ತಗಡು,
‘ಬಳೆಗಳ ಅಂಗಡಿ’,
ಮೂಲೆಯಲ್ಲಿ ದಸ್ತಗೀರ, ೧೯೯೧.
ಕೆಳಗೆ ನಿಂತು ಗಟ್ಟಿಯಾಗಿ ಓದಿದೆ,
ನಾಲಿಗೆ ಹಿಂದಕ್ಕೆ ಮಡಚಿ, ಎರಡು ಸಲ.
‘ಯಾವ ಸೈಜ್ ಮೇಡಮ್?’ ಒಳಗಿಂದ ಕೇಳಿದರು.

ಬಳೆ ತೊಟ್ಟು ಥಿಯೇಟರಿನೊಳಗೆ ಹೋಗುವಂತಿಲ್ಲ.
ಹಸಿರು, ಒಂದು ಡಜನ್ ಕೊಂಡೆ.